ಸ್ಟೇಡಿಯಂ ಕಟ್ಟುವ ಮುಂಚೆ ಲೆಕ್ಕದ ಪುಸ್ತಕ ಬಿಚ್ಚಿ: ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸರ್ವ ಸದಸ್ಯರು,
ನಮ್ಮ ಫುಟ್‌ಬಾಲ್ ಕ್ಲಬ್, ಕಾರವಾರ.

ವಿಷಯ: ಸಾಲ ಮಾಡಿ ಹೊಸ ಸ್ಟೇಡಿಯಂ ಕಟ್ಟುವ ಪ್ರಸ್ತಾವವನ್ನು ಲೆಕ್ಕಸಮೇತ ಮಹಾಸಭೆಯ ಮುಂದಿಡುವ ಬಗ್ಗೆ.

ಮಾನ್ಯರೇ,

ಸಾದರ ನಮಸ್ಕಾರಗಳು. ಈ ಕ್ಲಬ್ಬಿನ ಜಮಾ-ಖರ್ಚಿನ ಪುಸ್ತಕ ಹನ್ನೊಂದು ವರ್ಷ ನನ್ನ ಕೈಯಲ್ಲಿತ್ತು. ಅದಕ್ಕೂ ಮುಂಚೆ ಒಂದು ಸಹಕಾರಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಸಾಲ ಕೇಳಲು ಬಂದಾಗ ಮನುಷ್ಯನ ಮುಖ ಹೇಗಿರುತ್ತದೆ, ಮೂರು ಕಂತು ತಪ್ಪಿದ ಮೇಲೆ ಅದೇ ಮುಖ ಹೇಗಾಗುತ್ತದೆ ಎಂಬುದನ್ನು ಮೇಜಿನ ಈಚೆ ಕುಳಿತು ನೋಡಿದ್ದೇನೆ. ಆ ಅನುಭವದ ಮೇಲೆಯೇ ಈ ಪತ್ರ ಬರೆಯುತ್ತಿದ್ದೇನೆ. ಇದೇ ವಿಷಯವಾಗಿ ಎರಡು ಸಲ ಖಾಸಗಿಯಾಗಿ ಬರೆದೆ, ಉತ್ತರ ಬರಲಿಲ್ಲ. ಕ್ಲಬ್ಬಿನ ದುಡ್ಡು ನನ್ನದೂ ಅಲ್ಲ, ತಮ್ಮದೂ ಅಲ್ಲ, ಊರಿನದು. ಆದ್ದರಿಂದ ಊರಿನವರೆಲ್ಲ ಓದಲಿ ಎಂದು ಈ ಸಲ ಬಹಿರಂಗವಾಗಿಯೇ ಬರೆದಿದ್ದೇನೆ.

ಕಳೆದ ಸಭೆಯಲ್ಲಿ ಗೋಡೆಗೆ ತೂಗುಹಾಕಿದ್ದ ಬಣ್ಣದ ಚಿತ್ರವನ್ನು ನಾನೂ ನೋಡಿದೆ. ಐದು ಸಾವಿರ ಆಸನ, ಒಂದು ಬದಿಗೆ ಚಾವಣಿ, ನಾಲ್ಕು ಮೂಲೆಗೆ ದೀಪದ ಕಂಬ, ಗ್ಯಾಲರಿಯ ಕೆಳಗೆ ಹನ್ನೆರಡು ಅಂಗಡಿ. ಚಿತ್ರ ಚೆಂದವಾಗಿತ್ತು. ನನ್ನ ಎದೆಯೂ ಒಂದು ಕ್ಷಣ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಹುಡುಗನಾಗಿದ್ದಾಗಿನಿಂದ ನಮ್ಮ ಮೈದಾನದ ಬದುವಿನ ಮೇಲೆ ಕೂತು ಆಟ ನೋಡಿದವನಿಗೆ ಅಂಥ ಚಿತ್ರ ಕಂಡರೆ ಆಸೆ ಆಗದೆ ಇರುತ್ತದೆಯೇ? ಆದರೆ ಚಿತ್ರದ ಕೆಳಗೆ ಅಂದಾಜು ವೆಚ್ಚ 5 ಕೋಟಿ ಎಂದಿತ್ತು. ಅದರಲ್ಲಿ 2 ಕೋಟಿ ಬ್ಯಾಂಕ್ ಸಾಲ, ಉಳಿದದ್ದು ದಾನಿಗಳಿಂದ ಮತ್ತು ಅನುದಾನದಿಂದ. ಸಾಲಕ್ಕೆ ಅಡಮಾನವಾಗಿ ಈಗಿರುವ ಮೈದಾನದ ರಸ್ತೆ ಬದಿಯ ಜಾಗ. ಯಾವ ದಾನಿ, ಎಷ್ಟು ಕೊಡುತ್ತೇನೆಂದು ಬರೆದುಕೊಟ್ಟಿದ್ದಾರೆ ಎಂದು ಕೇಳಿದಾಗ ಸಭೆಯಲ್ಲಿ ಉತ್ತರ ಸಿಗಲಿಲ್ಲ. ಹಾಗಾಗಿ ದಾನ, ಅನುದಾನಗಳ ಮಾತನ್ನು ಪಕ್ಕಕ್ಕಿಟ್ಟು, ಖಚಿತವಾಗಿ ನಮ್ಮ ತಲೆಯ ಮೇಲೆ ಬರುವ 2 ಕೋಟಿಯ ಲೆಕ್ಕವನ್ನು ಮಾತ್ರ ಮಾಡೋಣ.

2 ಕೋಟಿ ರೂಪಾಯಿ ಸಾಲ, ಶೇಕಡಾ 10ರ ಬಡ್ಡಿ, 15 ವರ್ಷದ ಅವಧಿ ಎಂದು ಹಿಡಿಯಿರಿ. ತಿಂಗಳ ಕಂತು ಸುಮಾರು 2 ಲಕ್ಷ 15 ಸಾವಿರ ಆಗುತ್ತದೆ. ವರ್ಷಕ್ಕೆ 25 ಲಕ್ಷ 80 ಸಾವಿರದ ಹತ್ತಿರ. ಮೊದಲ ವರ್ಷ ನಾವು ಕಟ್ಟಿದ್ದರಲ್ಲಿ ಅಸಲಿಗೆ ಜಮೆ ಆಗುವುದು ಹೆಚ್ಚುಕಡಿಮೆ 6 ಲಕ್ಷ ಮಾತ್ರ, ಮಿಕ್ಕ 19 ಲಕ್ಷದ ಚಿಲ್ಲರೆ ಪೂರ್ತಿ ಬಡ್ಡಿಗೆ. ಹದಿನೈದು ವರ್ಷ ಒಂದೂ ಕಂತು ತಪ್ಪಿಸದೆ ಕಟ್ಟಿದರೆ 2 ಕೋಟಿಗೆ ನಾವು ಕೊಟ್ಟದ್ದು 3 ಕೋಟಿ 87 ಲಕ್ಷ.

ಈಗ ನಮ್ಮ ಆದಾಯಕ್ಕೆ ಬನ್ನಿ. ನನ್ನ ಕಾಲದಲ್ಲಿ ಫೈನಲ್ ಪಂದ್ಯಕ್ಕೆ ಅತಿ ಹೆಚ್ಚು ಜನ ಸೇರಿದ್ದು ಮೂರು ಸಾವಿರ. ಟಿಕೆಟ್ 30 ರೂಪಾಯಿ. ಅಂದರೆ ಮೈದಾನ ತುಂಬಿದ ದಿನ ಕೈಗೆ ಬಂದದ್ದು 90 ಸಾವಿರ. ವರ್ಷದ ಕಂತು ತುಂಬಲು ಅಂಥ ಪಂದ್ಯ 29 ಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನೀರು, ಅಕ್ಟೋಬರ್‌ನಲ್ಲಿ ನೆಲ ಆರಿ ಹುಲ್ಲು ಕೂರಬೇಕು. ನವೆಂಬರ್ 1ರಿಂದ ಮೇ 31ರವರೆಗೆ ಎಣಿಸಿದರೆ ಸಿಗುವುದು ಮೂವತ್ತು, ಹೆಚ್ಚೆಂದರೆ ಮೂವತ್ತೊಂದು ಭಾನುವಾರ. ಅಂದರೆ ಜಾತ್ರೆ ಬರಲಿ, ಮದುವೆ ಬರಲಿ, ಪರೀಕ್ಷೆ ಬರಲಿ, ಪಕ್ಕದ ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ಬರಲಿ, ಹೆಚ್ಚುಕಡಿಮೆ ಪ್ರತಿ ಭಾನುವಾರ ಮೂರು ಸಾವಿರ ಜನ ದುಡ್ಡು ಕೊಟ್ಟು ಒಳಗೆ ಬರಬೇಕು. ರೆಫರಿ, ಆಂಬುಲೆನ್ಸ್, ಹೊರಗಿನ ತಂಡದ ಬಸ್ಸು, ಊಟ, ಬಹುಮಾನ ಇವನ್ನೆಲ್ಲ ಇನ್ನೂ ಕಳೆದಿಲ್ಲ. ಅಂಥ ದಿನ ವರ್ಷದಲ್ಲಿ ನಮಗೆ ಸಿಕ್ಕಿದ್ದು ಹೆಚ್ಚೆಂದರೆ ಮೂರು. ಪುಸ್ತಕ ತೆಗೆದು ನೋಡಬಹುದು.

ಅಂಗಡಿ ಬಾಡಿಗೆ ಬರುತ್ತದಲ್ಲ ಎನ್ನುತ್ತೀರಿ. ಸರಿ, ಅದನ್ನೂ ಸೇರಿಸಿ ನೋಡಿದ್ದೇನೆ. ಒಂದು ಅಂಗಡಿಗೆ ತಿಂಗಳಿಗೆ 8 ಸಾವಿರ ಎಂದು ತಮ್ಮ ಹಾಳೆಯಲ್ಲೇ ಇದೆ. ಹನ್ನೆರಡೂ ಅಂಗಡಿ ಹನ್ನೆರಡೂ ತಿಂಗಳು ಖಾಲಿ ಬೀಳದೆ ನಡೆದರೆ ವರ್ಷಕ್ಕೆ 11 ಲಕ್ಷ 52 ಸಾವಿರ. ಆಗಲೂ ಕಂತು ತುಂಬಲು ಹದಿನಾರು ತುಂಬಿದ ಪಂದ್ಯ ಬೇಕು. ಈ ಊರಿನಲ್ಲಿ ಹೊಸ ಕಟ್ಟಡದ ಅಂಗಡಿಗಳು ಎಷ್ಟು ತಿಂಗಳು ಷಟರ್ ಎಳೆದುಕೊಂಡೇ ಇರುತ್ತವೆ ಎಂಬುದು ತಮಗೂ ಗೊತ್ತು. ಕಟ್ಟುವ ಎರಡು ವರ್ಷ ಬಾಡಿಗೆಯೂ ಇಲ್ಲ, ಟಿಕೆಟ್ಟೂ ಇಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ.

ಸಭೆಯಲ್ಲಿ ಒಬ್ಬ ತರುಣ ಸದಸ್ಯರು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಹೆಸರು ಎತ್ತಿದರು. ದೊಡ್ಡ ಸ್ಟೇಡಿಯಂ ಕಟ್ಟಿದ್ದರಿಂದಲೇ ಅವರು ದೊಡ್ಡವರಾದರು ಎಂದರು. ಆ ಹುಡುಗನ ಉತ್ಸಾಹದ ಮೇಲೆ ನನಗೆ ಪ್ರೀತಿಯಿದೆ. ಆದರೆ ಆ ಕಥೆಯ ಅರ್ಧ ಭಾಗ ಮಾತ್ರ ಸಭೆಗೆ ಬಂತು, ಉಳಿದರ್ಧವನ್ನು ನಾನು ಹೇಳುತ್ತೇನೆ.

ಆರ್ಸೆನಲ್‌ನ ಹಳೆಯ ಹೈಬರಿ ಮೈದಾನದಲ್ಲಿ ಸುಮಾರು 38 ಸಾವಿರ ಆಸನಗಳಿದ್ದವು. ಪಂದ್ಯ ಪಂದ್ಯಕ್ಕೂ ಅವು ತುಂಬುತ್ತಿದ್ದವು, ಇಡೀ ವರ್ಷದ ಪಂದ್ಯಗಳ ಸೀಸನ್ ಟಿಕೆಟ್ಟಿಗಾಗಿ ಸಾವಿರಾರು ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದರು. ಅಂದರೆ ಹೊಸ ಆಸನಗಳಿಗೆ ಗಿರಾಕಿ ಮೊದಲೇ ಬಾಗಿಲ ಹೊರಗೆ ನಿಂತಿದ್ದ. 2006ರಲ್ಲಿ 60 ಸಾವಿರ ಆಸನಗಳ ಎಮಿರೇಟ್ಸ್ ಸ್ಟೇಡಿಯಂ ತೆರೆಯಿತು. ವೆಚ್ಚ ಸುಮಾರು 39 ಕೋಟಿ ಪೌಂಡ್. ಪಂದ್ಯದ ದಿನದ ಆದಾಯ ಕೆಲವೇ ವರ್ಷಗಳಲ್ಲಿ ಎರಡು ಪಟ್ಟಿಗೂ ಮೇಲೆ ಹೋಯಿತು. ಸಭೆಗೆ ಬಂದದ್ದು ಇಷ್ಟು. ಬಾರದೆ ಉಳಿದದ್ದು ಇದು: ಕಟ್ಟುವ ದುಡ್ಡು ಹೊಂದಿಸಲು ಅವರು ವಿಮಾನ ಕಂಪನಿಯೊಂದಕ್ಕೆ ಸ್ಟೇಡಿಯಂನ ಹೆಸರನ್ನೂ ಅಂಗಿಯ ಎದೆಯನ್ನೂ 2004ರಲ್ಲೇ ವರ್ಷಗಟ್ಟಲೆಗೆ ಬರೆದುಕೊಟ್ಟರು. ಮುಂದೆ ಅಂಗಿಯ ಜಾಹೀರಾತಿನ ಬೆಲೆ ಎಲ್ಲೆಡೆ ಏರಿದಾಗ ಹಳೆಯ ಒಪ್ಪಂದಕ್ಕೇ ಕಟ್ಟುಬಿದ್ದಿದ್ದರು. ಹಳೆಯ ಮೈದಾನದ ಜಾಗದಲ್ಲಿ ಫ್ಲ್ಯಾಟ್ ಕಟ್ಟಿ ಮಾರುವ ಲೆಕ್ಕ ಹಾಕಿದ್ದರು. 2008ರಲ್ಲಿ ಮನೆಗಳ ಮಾರುಕಟ್ಟೆ ಕುಸಿದಾಗ ಅದೂ ಅವರನ್ನು ಕಾಡಿತು. ತರಬೇತುದಾರ ಆರ್ಸೆನ್ ವೆಂಗರ್ ಇನ್ನೂ ಐದು ವರ್ಷ ಇರುವುದಾಗಿ ಸಹಿ ಹಾಕಬೇಕೆಂದು ಸಾಲ ಕೊಡುವ ಬ್ಯಾಂಕುಗಳು ಕೇಳಿದ್ದವು, ಹಾಗೆಂದು ವೆಂಗರ್ ಅವರೇ ನಂತರ ಹೇಳಿಕೊಂಡಿದ್ದಾರೆ. ತಂಡದ ಮುಖ್ಯ ಆಟಗಾರರು ಒಬ್ಬೊಬ್ಬರಾಗಿ ಬೇರೆ ಕ್ಲಬ್ಬಿಗೆ ಹೋದರು: ಆನ್ರಿ 2007ರಲ್ಲಿ, ಫ್ಯಾಬ್ರಿಗಾಸ್ ಮತ್ತು ನಸ್ರಿ 2011ರಲ್ಲಿ, ವಾನ್ ಪರ್ಸಿ 2012ರಲ್ಲಿ. ಎಲ್ಲದಕ್ಕೂ ಸಾಲವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ 2005ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಎತ್ತಿದ ಕ್ಲಬ್ಬಿಗೆ ಮುಂದಿನ ದೊಡ್ಡ ಕಪ್ ಸಿಕ್ಕಿದ್ದು 2014ರಲ್ಲಿ. ಆ ಒಂಬತ್ತು ವರ್ಷ ಅವರು ಮುಳುಗದೆ ಉಳಿದದ್ದು ಪ್ರತಿ ವರ್ಷವೂ ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದು, ಅಲ್ಲಿಂದ ಬರುವ ದೊಡ್ಡ ದುಡ್ಡನ್ನು ತಪ್ಪಿಸಿಕೊಳ್ಳದೆ ಇದ್ದದ್ದರಿಂದ. ನಮಗೆ ಅಂಥ ಯಾವ ಬಾವಿಯಿದೆ?

ಅದೇ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ 2019ರ ಏಪ್ರಿಲ್‌ನಲ್ಲಿ 62 ಸಾವಿರಕ್ಕೂ ಹೆಚ್ಚು ಆಸನಗಳ ಸ್ಟೇಡಿಯಂ ತೆರೆಯಿತು. ವೆಚ್ಚ ನೂರು ಕೋಟಿ ಪೌಂಡ್ ಆಸುಪಾಸು. ಅದಕ್ಕೂ ಮುಂಚಿನ 2018ರ ಬೇಸಿಗೆಯಲ್ಲಿ ಒಬ್ಬನೇ ಒಬ್ಬ ಹೊಸ ಆಟಗಾರನನ್ನೂ ಕೊಳ್ಳಲಿಲ್ಲ. ತೆರೆದು ವರ್ಷ ತುಂಬುವ ಮೊದಲೇ ಕೋವಿಡ್ ಬಂದು ಗೇಟಿಗೆ ಬೀಗ ಬಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಯೋಜನೆಯಿಂದ 17.5 ಕೋಟಿ ಪೌಂಡ್ ಸಾಲ ತರಬೇಕಾಯಿತು. ಈಗ ಅಲ್ಲಿ ಅಮೆರಿಕದ ಫುಟ್‌ಬಾಲ್ ಆಡಿಸುತ್ತಾರೆ, ಸಂಗೀತ ಕಛೇರಿ ನಡೆಸುತ್ತಾರೆ, ದುಡ್ಡು ಬರುತ್ತದೆ. ಬರಲಿ. ಬೇರೆ ಆಟ, ಬೇರೆ ಕಾರ್ಯಕ್ರಮ ಇಲ್ಲದೆ ಬರೀ ಫುಟ್‌ಬಾಲಿನಿಂದಲೇ ಅಷ್ಟು ದೊಡ್ಡ ಕಟ್ಟಡ ತನ್ನ ಖರ್ಚು ತಾನು ದುಡಿಯುವುದು ಕಷ್ಟ ಎಂಬುದನ್ನು ಅವರೇ ಮಾಡಿ ತೋರಿಸಿದ್ದಾರೆ.

ಸ್ಪೇನಿನ ವಲೆನ್ಸಿಯಾ ಕ್ಲಬ್ಬಿನ ಕಥೆ ಇನ್ನೂ ಕಹಿ. 2007ರಲ್ಲಿ ಹೊಸ ಸ್ಟೇಡಿಯಂನ ಕೆಲಸ ಶುರು ಮಾಡಿದರು. ಹಳೆಯ ಮೈದಾನದ ಜಾಗ ಮಾರಿ ಸಾಲ ತೀರಿಸುತ್ತೇವೆ ಎಂಬ ಲೆಕ್ಕ ಅವರದ್ದು. ಜಾಗ ಮಾರಾಟವಾಗಲಿಲ್ಲ. 2009ರ ಫೆಬ್ರವರಿಯಲ್ಲಿ ಕೆಲಸ ನಿಂತಿತು. ಮರುವರ್ಷ ತಂಡದ ಮುಖ್ಯ ಆಟಗಾರರಾದ ದಾವಿದ್ ವಿಯಾ, ದಾವಿದ್ ಸಿಲ್ವ ಇಬ್ಬರನ್ನೂ ಬೇರೆ ಕ್ಲಬ್ಬುಗಳಿಗೆ ಮಾರಿದರು. ಕಾಂಕ್ರೀಟಿನ ಅಸ್ಥಿಪಂಜರ ಊರ ನಡುವೆ ಹಾಗೇ ನಿಂತಿತ್ತು. ಕೆಲಸ ಮತ್ತೆ ಶುರುವಾದದ್ದು 2025ರ ಜನವರಿಯಲ್ಲಿ, ಸುಮಾರು ಹದಿನಾರು ವರ್ಷದ ಮೇಲೆ. ಹಳೆಯ ಮೈದಾನವನ್ನು ನಂಬಿ ಹೊಸದಕ್ಕೆ ಸಾಲ ಎತ್ತುವುದು ಎಂದರೆ ಏನೆಂಬುದಕ್ಕೆ ಇದನ್ನು ಹೇಳಿದೆ. ತಮ್ಮ ಪ್ರಸ್ತಾವದಲ್ಲಿರುವ ಅಡಮಾನದ ಜಾಗವೂ ನಮ್ಮ ಹಳೆಯ ಮೈದಾನವೇ.

ಆದರೆ ಇವೆಲ್ಲ ದೊಡ್ಡವರ ಮಾತು. ನಮ್ಮಷ್ಟೇ ಎತ್ತರದವರ ಉದಾಹರಣೆ ಬೇಕೆಂದರೆ ಇಂಗ್ಲೆಂಡಿನ ಡಾರ್ಲಿಂಗ್ಟನ್ ಕ್ಲಬ್ಬನ್ನು ನೋಡಿ. ಡಾರ್ಲಿಂಗ್ಟನ್ ಸುಮಾರು ಒಂದು ಲಕ್ಷ ಜನರ ಊರು, ನಮ್ಮ ಕಾರವಾರಕ್ಕಿಂತ ಬಹಳ ದೊಡ್ಡದೇನಲ್ಲ. ಫೀದಮ್ಸ್ ಎಂಬ ಹಳೆಯ ಮೈದಾನದಲ್ಲಿ ನೂರು ವರ್ಷಕ್ಕೂ ಮೇಲೆ ಆಡಿಕೊಂಡಿದ್ದರು. ಪಂದ್ಯಕ್ಕೆ ಬರುತ್ತಿದ್ದವರು ಕೆಲವೇ ಸಾವಿರ ಜನ. ಜಾರ್ಜ್ ರೆನಾಲ್ಡ್ಸ್ ಎಂಬ ಶ್ರೀಮಂತರು ಅಧ್ಯಕ್ಷರಾಗಿ ಬಂದು, ಊರಿಗೆ 25 ಸಾವಿರ ಆಸನಗಳ ಸ್ಟೇಡಿಯಂ ಕಟ್ಟಿಸಿದರು. 2003ರಲ್ಲಿ ಅದು ತೆರೆಯಿತು. ಮೊದಲ ಪಂದ್ಯಕ್ಕೆ ಸುಮಾರು 11,600 ಜನ ಬಂದರು. ಹೊಸದನ್ನು ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ. ಆ ದಿನವೂ ಅರ್ಧಕ್ಕಿಂತ ಹೆಚ್ಚು ಆಸನ ಖಾಲಿಯಿತ್ತು, ಅಷ್ಟು ಜನ ಮತ್ತೆಂದೂ ಆ ಕ್ಲಬ್ಬನ್ನು ನೋಡಲು ಅಲ್ಲಿ ಸೇರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಂದರೆ ಐದು ತಿಂಗಳೊಳಗೆ, ಕ್ಲಬ್ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. 2009ರಲ್ಲಿ ಮತ್ತೊಮ್ಮೆ, 2012ರಲ್ಲಿ ಮಗದೊಮ್ಮೆ. ಕಡೆಗೆ ಆ ಸ್ಟೇಡಿಯಂನಿಂದಲೇ ಹೊರಬಿದ್ದರು. ಊರಿನ ಅಭಿಮಾನಿಗಳು ಸೇರಿ ಕ್ಲಬ್ಬನ್ನು ಮತ್ತೆ ಕಟ್ಟಿ, ಒಂಬತ್ತನೆಯ ದರ್ಜೆಯ ಲೀಗ್‌ನಿಂದ ಆಟ ಶುರು ಮಾಡಿದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ತಮ್ಮ ತಂಡದ ಸ್ವಂತ ಊರಿನ ಪಂದ್ಯ ನೋಡಲು ಅವರು ಪಕ್ಕದ ಊರಿಗೆ ಹೋಗಬೇಕಾಯಿತು. ಆ 25 ಸಾವಿರ ಆಸನಗಳ ಸ್ಟೇಡಿಯಂ ಈಗ ಒಂದು ರಗ್ಬಿ ಕ್ಲಬ್ಬಿನದು.

ಸಾಲದ ವಿಭಾಗದಲ್ಲಿ ಕೂತವನಿಗೆ ಇದರ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಮೈದಾನ ಸಣ್ಣದಿದ್ದಾಗ ಅದರ ಖರ್ಚೂ ಸಣ್ಣದಿತ್ತು. ಸ್ಟೇಡಿಯಂ ದೊಡ್ಡದಾದ ದಿನದಿಂದ ದೀಪ, ಕಾವಲು, ವಿಮೆ, ರಿಪೇರಿ, ತೆರಿಗೆ ಎಲ್ಲವೂ 25 ಸಾವಿರ ಆಸನಗಳ ಲೆಕ್ಕದಲ್ಲಿ ಬಂದವು. ಜನ ಮಾತ್ರ ಹಳೆಯ ಲೆಕ್ಕದಲ್ಲೇ ಬಂದರು. ಆಸ್ತಿಪಟ್ಟಿಯಲ್ಲಿ ಕೋಟಿ ಕೋಟಿ, ಸಂಬಳದ ದಿನ ಪೆಟ್ಟಿಗೆಯಲ್ಲಿ ಕಾಸಿಲ್ಲ.

ಚಿಕ್ಕದು ಕಟ್ಟಿ ಗೆದ್ದವರೂ ಇದ್ದಾರೆ. ಇಟಲಿಯ ಯುವೆಂಟಸ್ 67 ಸಾವಿರಕ್ಕೂ ಹೆಚ್ಚು ಆಸನಗಳ ಹಳೆಯ ಸ್ಟೇಡಿಯಂ ಕೆಡವಿ, 2011ರಲ್ಲಿ ಅದೇ ಜಾಗದಲ್ಲಿ 41 ಸಾವಿರದ್ದನ್ನು ಕಟ್ಟಿತು. ಹಳೆಯದರಲ್ಲಿ ಜನ ಅಲ್ಲೊಬ್ಬ ಇಲ್ಲೊಬ್ಬ ಕಾಣುತ್ತಿದ್ದರು, ಹೊಸದು ತುಂಬಿತು. ನಮ್ಮ ಪಕ್ಕದ ಗೋವಾವನ್ನೇ ನೋಡಿ. ನಮ್ಮವರು ರೈಲು ಹತ್ತಿ ಮಡಗಾಂವಿಗೆ ಹೋಗಿ ನೋಡುತ್ತಿದ್ದ ಡೆಂಪೊ ತಂಡ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಅವರು ಆಡಿದ್ದು ಸರ್ಕಾರ ಕಟ್ಟಿಸಿದ ಫಾತೋರ್ಡಾ ಸ್ಟೇಡಿಯಂನಲ್ಲಿ. ಅವರ ಹೆಸರು ಬೆಳೆದದ್ದು ಆಟಗಾರರಿಂದ, ಗೋಡೆಯಿಂದಲ್ಲ.

ಇನ್ನು ನಮ್ಮ ಮನೆಯ ವಿಷಯ. ಹಿಂದೊಮ್ಮೆ ನಾವೂ ಕಟ್ಟಿದ್ದೇವೆ. ನಾನು ಖಜಾಂಚಿಯಾಗಿದ್ದ ಮೂರನೆಯ ವರ್ಷ ಪೂರ್ವದ ಬದಿಗೆ ಕಬ್ಬಿಣದ ಪೈಪಿನ ಗ್ಯಾಲರಿ ನಿಲ್ಲಿಸಿದೆವು. ಸತುವಿನ ಲೇಪ ಇರುವ ಪೈಪಿಗೆ ದುಡ್ಡು ಸಾಲದೆಂದು ಬರೀ ಬಣ್ಣ ಬಳಿದ ಪೈಪು ತಂದೆವು. ಆ ಬಿಲ್ಲಿಗೆ ಸಹಿ ಹಾಕಿದವನು ನಾನೇ, ಆ ತಪ್ಪಿನಲ್ಲಿ ನನ್ನ ಪಾಲಿದೆ. ಸಮುದ್ರದ ಗಾಳಿಗೆ ನಾಲ್ಕು ಮಳೆಗಾಲ ಸಾಕಾಯಿತು. ಈಗ ಹೋಗಿ ಎರಡನೆಯ ಸಾಲಿನ ಕೆಳಗೆ ಕೈಯಾಡಿಸಿ ನೋಡಿ. ತುಕ್ಕು ಪದರ ಪದರವಾಗಿ ಏಳುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿದು ಒಳಗಿನ ತೂತು ಕಾಣುತ್ತದೆ. ಕಳೆದ ವರ್ಷ ಅಲ್ಲಿ ಕೂತಿದ್ದ ಒಬ್ಬ ಹುಡುಗನ ಕಾಲಿಗೆ ಗಾಯವಾಗಿ ಏಳು ಹೊಲಿಗೆ ಬಿದ್ದವು. ಆಗಿನಿಂದ ಹಗ್ಗ ಕಟ್ಟಿ ಅದನ್ನು ಮುಚ್ಚಿದ್ದೇವೆ. ಇಷ್ಟು ಚಿಕ್ಕ ಗ್ಯಾಲರಿಗೆ ವರ್ಷಕ್ಕೊಮ್ಮೆ ಬಣ್ಣ ಹೊಡೆಸಲು ಆಗದ ನಾವು ಐದು ಸಾವಿರ ಆಸನ, ಚಾವಣಿಯ ತಗಡು, ನಾಲ್ಕು ದೀಪದ ಕಂಬಗಳನ್ನು ಉಪ್ಪುಗಾಳಿಯಿಂದ ಹೇಗೆ ಕಾಯುತ್ತೇವೆ? ತಮ್ಮ ಹಾಳೆಯಲ್ಲಿ ನಿರ್ವಹಣೆ ಎಂಬ ಸಾಲೇ ಇಲ್ಲ.

ನಮ್ಮ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಹೊಸ ಸದಸ್ಯರಲ್ಲಿ ಹಲವರು ರಸೀದಿ ಪುಸ್ತಕ ಹಿಡಿದು ಬೀದಿ ಸುತ್ತಿದವರಲ್ಲ. ಒಂದು ಸಲ ಮೀನು ಮಾರುಕಟ್ಟೆಯಲ್ಲಿ ವಂತಿಗೆ ಎತ್ತುತ್ತಿದ್ದೆವು. ಬಂಗಡೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಅಕ್ಕ ಸೊಂಟದ ಚೀಲದಿಂದ 50 ರೂಪಾಯಿ ತೆಗೆದು ಕೊಟ್ಟರು. ಹೆಸರು ಬರೆದು ರಸೀದಿ ಕೊಟ್ಟೆ. ಒದ್ದೆ ಕೈಗೆ ತಾಗಿ ಶಾಯಿ ಕಲೆಸಿಹೋಯಿತು. ಇನ್ನೊಂದು ಬರೆದುಕೊಡುತ್ತೇನೆ ಎಂದೆ. 'ಬೇಡ ಮಾಸ್ತರರೇ, ಪೋರಗಳಿಗೆ ಬೂಟು ತೆಗೆದುಕೊಡಿ, ಸಾಕು' ಎಂದರು. ಆ ರಸೀದಿಯ ಕಾರ್ಬನ್ ಪ್ರತಿ ಇಂದಿಗೂ ಪುಸ್ತಕದಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುತ್ತವೆ, ಆಗ ಬೈತಖೋಲದಿಂದ ಮಾಜಾಳಿಯವರೆಗೆ ಯಾರ ಕೈಯಲ್ಲೂ ದುಡ್ಡು ಓಡಾಡುವುದಿಲ್ಲ, ನಮ್ಮ ಪುಸ್ತಕದಲ್ಲೂ ಆ ಎರಡು ತಿಂಗಳ ಹಾಳೆ ಖಾಲಿ. ಬ್ಯಾಂಕಿನ ಕಂತಿಗೆ ಮಾತ್ರ ಮೀನುಗಾರಿಕೆಯ ರಜೆ ಇರುವುದಿಲ್ಲ.

ಆ ಅಕ್ಕ ಬೂಟಿಗೆಂದು ಕೊಟ್ಟ ದುಡ್ಡಿನ ಖಾತೆ ಈಗ ಏನಾಗಿದೆ? ನನ್ನನ್ನು ಅತಿ ಹೆಚ್ಚು ನೋಯಿಸಿದ್ದು ಇದೇ. ಹೊಸ ಸ್ಟೇಡಿಯಂನ ನಕ್ಷೆ ಮಾಡಿಸಿದ ಫೀಸನ್ನು ಕಿರಿಯರ ತರಬೇತಿಯ ಖಾತೆಯಿಂದ ಕೊಡಲಾಗಿದೆ. ಒಂದು ಕಲ್ಲೂ ಇನ್ನೂ ಬಿದ್ದಿಲ್ಲ, ಆಗಲೇ ಹುಡುಗರ ದುಡ್ಡು ಕಟ್ಟಡಕ್ಕೆ ಹೋಯಿತು. ಬೆಳಗಿನ ತರಬೇತಿಗೆ ಬರುವ ಮಕ್ಕಳಿಗೆ ಕೊಡುತ್ತಿದ್ದ ಮೊಟ್ಟೆ, ಬಾಳೆಹಣ್ಣು ದೀಪಾವಳಿಯಿಂದ ನಿಂತಿದೆ. ಕೋಚ್‌ಗೆ ಮೂರು ತಿಂಗಳ ಗೌರವಧನ ಬಾಕಿಯಿದೆ. ಅವರು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಇಂದಿಗೂ ಬೆಳಗ್ಗೆ ಆರಕ್ಕೆ ಸೀಟಿ ಹಿಡಿದು ಮೈದಾನದಲ್ಲಿ ನಿಂತಿರುತ್ತಾರೆ. ಹೋದ ವಾರ ನಾನೂ ಹೋಗಿ ಬದುವಿನ ಮೇಲೆ ಕೂತೆ. ಇಬ್ಬರು ಹುಡುಗರು ಒಂದೇ ಜೊತೆ ಬೂಟನ್ನು ಹಂಚಿಕೊಂಡು ಆಡುತ್ತಿದ್ದರು. ಒಬ್ಬ ಅರ್ಧ ಹೊತ್ತು ಆಡಿ ಬಂದು ಲೇಸು ಬಿಚ್ಚುತ್ತಿದ್ದ, ಇನ್ನೊಬ್ಬ ಬರಿಗಾಲಲ್ಲಿ ಕಾಯುತ್ತ ನಿಂತಿದ್ದ. ಅವನಿಗೆ ಬೂಟು ಒಂದು ಬೆರಳು ದೊಡ್ಡದು, ಮುಂದಕ್ಕೆ ಹಳೆ ಬಟ್ಟೆ ತುರುಕಿಕೊಂಡ.

ಸ್ಟೇಡಿಯಂ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಂದಿರು, ಅಕ್ಕತಂಗಿಯರು ಬಿಸಿಲಿನಲ್ಲಿ ನಿಂತು ಆಟ ನೋಡುತ್ತಾರೆ, ಕೂರಲು ನೆರಳು ಬೇಕು, ಶೌಚಾಲಯ ಬೇಕು, ಹೊರಗಿನ ತಂಡಕ್ಕೆ ಬಟ್ಟೆ ಬದಲಿಸಲು ಕೋಣೆ ಬೇಕು. ಇದೆಲ್ಲ ನ್ಯಾಯವಾದ ಬೇಡಿಕೆ. ಆದರೆ ಇವನ್ನು ನಮ್ಮ ಅಳತೆಗೆ ತಕ್ಕಂತೆ ಮಾಡಬಹುದು. ಮೈದಾನದ ಗುಡ್ಡದ ಬದಿಯ ಇಳಿಜಾರು ದೇವರೇ ಕೊಟ್ಟ ಗ್ಯಾಲರಿ. ಅಲ್ಲಿ ಚಿರೆಕಲ್ಲಿನ ಮೆಟ್ಟಿಲು ಕಟ್ಟಿಸಿ. ಚಿರೆಕಲ್ಲಿಗೆ ತುಕ್ಕು ಹಿಡಿಯುವುದಿಲ್ಲ, ನಮ್ಮ ಗಾರೆಯವರಿಗೆ ಅದರ ಕೆಲಸ ಕರಗತ. ಒಂದು ವರ್ಷ ನಾಲ್ಕು ಸಾಲು, ಕೈಯಲ್ಲಿ ದುಡ್ಡಿದ್ದರೆ ಮರುವರ್ಷ ಇನ್ನು ನಾಲ್ಕು. ಆ ಮೆಟ್ಟಿಲು ತುಂಬಿ ಜನ ಹೊರಗೆ ನಿಲ್ಲುವಂತಾದರೆ ಆಗ ದೊಡ್ಡದರ ಮಾತು ಎತ್ತಿ, ಮೊದಲ ವಂತಿಗೆ ನಾನೇ ಕೊಡುತ್ತೇನೆ.

ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು. ಮಹಾಸಭೆ ಕರೆದು ಎಲ್ಲ ಸದಸ್ಯರ ಮುಂದೆ ಚರ್ಚಿಸುವ ತನಕ ಯಾವ ಬ್ಯಾಂಕಿನ ಕಾಗದಕ್ಕೂ ಸಹಿ ಹಾಕಬೇಡಿ. ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿತ ಸಂಘ. ಆಡಿಟ್ ಆದ ಲೆಕ್ಕವನ್ನು ಸದಸ್ಯರ ಮುಂದಿಡುವುದು ಆಡಳಿತ ಮಂಡಳಿಯ ಕರ್ತವ್ಯ, ಅದನ್ನು ಉಪಕಾರವೆಂದು ತಿಳಿಯಬಾರದು. ಸಾಲದ ಮೊತ್ತ, ಬಡ್ಡಿ, ಕಂತು, ಎರಡು ವರ್ಷ ನಾವು ಎಲ್ಲಿ ಆಡುತ್ತೇವೆ, ಅದರ ಬಾಡಿಗೆ ಎಷ್ಟು, ಕಟ್ಟಿದ ಮೇಲೆ ವರ್ಷದ ನಿರ್ವಹಣೆ ಎಷ್ಟು, ಅಂಗಡಿ ಅರ್ಧ ಖಾಲಿ ಬಿದ್ದರೆ ಯಾರು ತುಂಬುತ್ತಾರೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕ್ಲಬ್ಬಿನ ಸೂಚನಾ ಫಲಕಕ್ಕೆ ಹಚ್ಚಿ. ಹಳೆಯ ಮೈದಾನದ ಒಂದು ಗುಂಟೆಯನ್ನೂ ಅಡಮಾನ ಇಡುವುದಿಲ್ಲವೆಂದು ನಡಾವಳಿಯಲ್ಲಿ ಠರಾವು ಬರೆಯಿಸಿ. ದಾನಿಗಳ ಮಾತು ಬರವಣಿಗೆಯಲ್ಲಿ ಬಂದ ಮೇಲೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಕಟ್ಟಡದ ಖಾತೆ ಬೇರೆ, ಆಟದ ಖಾತೆ ಬೇರೆ ಮಾಡಿ. ಒಂದರಿಂದ ಇನ್ನೊಂದಕ್ಕೆ ದುಡ್ಡು ಹೋಗಬೇಕಾದರೆ ಮಹಾಸಭೆಯ ಒಪ್ಪಿಗೆ ಬೇಕೆಂದು ನಿಯಮ ಮಾಡಿ. ಎಲ್ಲಕ್ಕಿಂತ ಮೊದಲು, ನಕ್ಷೆಗೆ ಹೋದ ದುಡ್ಡನ್ನು ಕಿರಿಯರ ಖಾತೆಗೆ ವಾಪಸು ಹಾಕಿ ಕೋಚ್‌ರ ಬಾಕಿ ತೀರಿಸಿ. ಅದಕ್ಕೆ ಮಹಾಸಭೆಯವರೆಗೆ ಕಾಯಬೇಕಾಗಿಲ್ಲ, ಈ ತಿಂಗಳೇ ಆಗಬಹುದು.

ನನ್ನ ಲೆಕ್ಕದಲ್ಲಿ ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ತೋರಿಸಿ. ಸಭೆಯಲ್ಲೇ ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ. ನನ್ನ ಕಾಲದ ಹನ್ನೊಂದು ವರ್ಷದ ಪುಸ್ತಕಗಳ ಪ್ರತಿ ನನ್ನ ಬಳಿ ಇದೆ, ಆ ಕಾರ್ಬನ್ ರಸೀದಿಗಳೂ ಇವೆ. ತಾವು ದಿನ ಹೇಳಿ, ನಾನು ಎಲ್ಲವನ್ನೂ ತಂದು ಮೇಜಿನ ಮೇಲೆ ಇಡುತ್ತೇನೆ.

ತಮ್ಮ ವಿಶ್ವಾಸಿ,
ಕ್ಲಬ್ಬಿನ ಮಾಜಿ ಖಜಾಂಚಿ ಮತ್ತು ಆಜೀವ ಸದಸ್ಯ,
ಕಾರವಾರ